ಒಂದು ಬೆರಳಿನ ಬಲ

ನಿಮ್ಮ ತೋರುಬೆರಳನ್ನು ಗದ್ದಕ್ಕೆ ಹಗುರವಾಗಿ ತಾಗಿಸಿ. ಆ ಬೆರಳು ಒತ್ತುವ ಬಲ ಅರ್ಧ ನ್ಯೂಟನ್ ಇರಬಹುದು. ಅಂದರೆ ಸುಮಾರು 50 ಗ್ರಾಂ ತೂಕದಷ್ಟು. ತಲೆ ತಿರುಗುವ ಅಕ್ಷದಿಂದ ಗದ್ದ ಸುಮಾರು 10 ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಂಡರೆ, ಈ ಬೆರಳಿನ ಟಾರ್ಕ್ ಕೇವಲ 0.05 ನ್ಯೂಟನ್-ಮೀಟರ್. ಕತ್ತಿನ ಸ್ನಾಯುಗಳಾದರೋ ಹಲವು ನ್ಯೂಟನ್-ಮೀಟರ್ ಟಾರ್ಕನ್ನು ಉಂಟುಮಾಡಬಲ್ಲವು. ಇವೆರಡಕ್ಕೂ ಸ್ಪರ್ಧೆಯೇ ಇಲ್ಲ.

ಆದರೂ ಸ್ಪರ್ಧೆಯಲ್ಲಿ ಬೆರಳೇ ಗೆಲ್ಲುವ ಒಂದು ಕಾಯಿಲೆಯಿದೆ. ಅದು ಕತ್ತಿನ ಡಿಸ್ಟೋನಿಯ. ಇದರಲ್ಲಿ ಕತ್ತಿನ ಸ್ನಾಯುಗಳು ತಾವಾಗಿಯೇ ಸೆಟೆದು ತಲೆಯನ್ನು ಒಂದು ಪಕ್ಕಕ್ಕೆ ತಿರುಚುತ್ತವೆ. ಇನ್ನೊಬ್ಬರು ಕೈಯಿಂದ ತಲೆಯನ್ನು ನೇರ ಮಾಡಹೊರಟರೆ ಬಹಳ ಬಲ ಬೇಕಾಗುತ್ತದೆ. ರೋಗಿ ತಾನೇ ಗದ್ದಕ್ಕೋ ಕೆನ್ನೆಗೋ ಬೆರಳು ತಾಗಿಸಿದರೆ, ಅನೇಕರಲ್ಲಿ ತಲೆ ಸ್ವಲ್ಪ ಹೊತ್ತು ನೇರವಾಗುತ್ತದೆ. ಕೆಲವರಿಗೆ ತಲೆಯ ಹಿಂಭಾಗವನ್ನು ಕುರ್ಚಿಗೆ ಆನಿಸಿದರೂ ಸಾಕು. ಈ ಉಪಾಯಗಳನ್ನು ಯಾರೂ ಕಲಿಸಿದ್ದಲ್ಲ, ರೋಗಿಗಳೇ ಕಂಡುಕೊಂಡವು.

1890ರ ದಶಕದಲ್ಲಿ ಪ್ಯಾರಿಸ್ಸಿನ ನರರೋಗತಜ್ಞ ಎಡ್ವಾರ್ ಬ್ರಿಸೋ ಇದನ್ನು ಗಮನಿಸಿದರು. ಅವರ ತರ್ಕ ನಾವು ಮೇಲೆ ಮಾಡಿದ ಲೆಕ್ಕದಂಥದ್ದೇ. ಇಷ್ಟು ದುರ್ಬಲವಾದ ಬೆರಳು ಅಷ್ಟು ಪ್ರಬಲವಾದ ಸ್ನಾಯುವನ್ನು ತಡೆಯಲಾರದು. ಆದ್ದರಿಂದ ಸೆಳೆತದ ಮೂಲ ಸ್ನಾಯುವಿನಲ್ಲಿಲ್ಲ, ಮನಸ್ಸಿನಲ್ಲಿದೆ. ಹಾಗಾಗಿ ಅವರು ಇದನ್ನು ‘ಮಾನಸಿಕ ಕತ್ತುತಿರುಚು’ ಎಂದು ಕರೆದರು. ಅವರ ಶಿಷ್ಯ ಆನ್ರಿ ಮೇಜ್, ಫೆಂದೆಲ್ ಅವರೊಂದಿಗೆ 1902ರಲ್ಲಿ ಬರೆದ ಗ್ರಂಥವೂ ಈ ನಿಲುವನ್ನೇ ಎತ್ತಿಹಿಡಿಯಿತು. ಬೆರಳಿನ ಉಪಾಯಕ್ಕೆ ‘ಜೆಸ್ತ್ ಆಂತಾಗೊನಿಸ್ತ್’, ಎಂದರೆ ವಿರೋಧಿ ಚೇಷ್ಟೆ, ಎಂಬ ಹೆಸರು ಉಳಿದುಬಂತು.

ತರ್ಕದ ಮೊದಲ ಅರ್ಧ ಸರಿಯಾಗಿಯೇ ಇದೆ. ಅದಕ್ಕೆ ಇನ್ನೂ ಗಟ್ಟಿ ಪುರಾವೆಯನ್ನು ಕೊಡಬಹುದು. ತಲೆ ಎಡಕ್ಕೆ ತಿರುಚಿದಾಗ ಬಲಗೆನ್ನೆಯನ್ನು ಮುಟ್ಟಿದರೂ ಕೆಲವರಿಗೆ ಪರಿಹಾರ ಸಿಗುತ್ತದೆ. ಆ ಬೆರಳು ತಳ್ಳುವುದಾದರೆ ತಲೆಯನ್ನು ಇನ್ನಷ್ಟು ಎಡಕ್ಕೇ ತಳ್ಳಬೇಕು! ಆದ್ದರಿಂದ ಬೆರಳು ಬಲವಾಗಿ ಕೆಲಸ ಮಾಡುತ್ತಿಲ್ಲ ಎಂಬುದು ಖಚಿತ. ಆದರೆ ಬಲವಲ್ಲದ್ದೆಲ್ಲ ಮನಸ್ಸಿನ ಭ್ರಮೆಯೇ? ಬ್ರಿಸೋ ಎಡವಿದ್ದು ಇಲ್ಲಿ. ಸ್ಪರ್ಶವು ಮಿದುಳಿಗೆ ಹೋಗುವ ಒಂದು ಸಂಕೇತವೂ ಹೌದು ಎಂಬ ಮೂರನೆಯ ಸಾಧ್ಯತೆ ಅವರ ಲೆಕ್ಕದಲ್ಲಿರಲಿಲ್ಲ. ಸ್ವಿಚ್ಚನ್ನು ಒತ್ತುವ ಬೆರಳಿನ ಬಲಕ್ಕೂ ಅದು ನಿಲ್ಲಿಸುವ ಮೋಟಾರಿನ ಬಲಕ್ಕೂ ಏನು ಸಂಬಂಧ?

ಈ ತಪ್ಪಿನ ಬೆಲೆ ತೆತ್ತವರು ರೋಗಿಗಳು. 1911ರಲ್ಲಿ ಬರ್ಲಿನ್ನಿನ ಹೆರ್ಮಾನ್ ಒಪ್ಪೆನ್‌ಹೈಮ್ ‘ಡಿಸ್ಟೋನಿಯ’ ಎಂಬ ಪದವನ್ನು ಬಳಕೆಗೆ ತಂದು, ಮಕ್ಕಳಲ್ಲಿ ಮೈ ತಿರುಚುವ ಕಾಯಿಲೆ ದೇಹದ್ದೇ ಎಂದರು. ಕತ್ತು ಮಾತ್ರ ತಿರುಚಿದ ವಯಸ್ಕರಿಗೆ ಆ ನ್ಯಾಯ ಸಿಗಲು ಇನ್ನೂ ಬಹುಕಾಲ ಹಿಡಿಯಿತು. ಅವರಲ್ಲಿ ಅನೇಕರನ್ನು ದುರ್ಬಲ ಮನಸ್ಸಿನವರೆಂದೇ ಭಾವಿಸಿ ಮನೋವಿಶ್ಲೇಷಣೆಗೆ ಕಳಿಸಲಾಗುತ್ತಿತ್ತು. ಕತ್ತುತಿರುಚು, ಬರಹಗಾರರ ಕೈಸೆಳೆತ, ರೆಪ್ಪೆಯ ಸೆಳೆತ ಇವೆಲ್ಲ ಡಿಸ್ಟೋನಿಯದ ರೂಪಗಳೇ ಎಂದು ಲಂಡನ್ನಿನ ಡೇವಿಡ್ ಮಾರ್ಸ್‌ಡೆನ್ 1976ರಲ್ಲಿ ವಾದಿಸಿದ ಮೇಲೆ ಗಾಳಿ ಬದಲಾಯಿತು.

2000ದಲ್ಲಿ ಪ್ರಕಟವಾದ ಪಿ.ಇ.ಟಿ. ಚಿತ್ರಣದ ಅಧ್ಯಯನವೊಂದು, ಬೆರಳು ತಾಗಿದಾಗ ಮಿದುಳಿನ ಪೆರೈಟಲ್ ಭಾಗದಲ್ಲಿ ಚಟುವಟಿಕೆ ಏರಿ, ಚಲನೆಯನ್ನು ಯೋಜಿಸುವ ಭಾಗದಲ್ಲಿ ಇಳಿಯುವುದನ್ನು ತೋರಿಸಿತು. ಸ್ನಾಯುಗಳ ವಿದ್ಯುತ್ ಸಂಕೇತಗಳನ್ನು ದಾಖಲಿಸಿದವರಿಗೆ ಇನ್ನೊಂದು ಸೋಜಿಗ ಕಂಡಿತು: ಕೆಲವರಲ್ಲಿ ಬೆರಳು ಮುಖವನ್ನು ಮುಟ್ಟುವ ಮೊದಲೇ, ಕೈ ಮೇಲೇಳುತ್ತಿರುವಾಗಲೇ, ಸೆಳೆತ ತಗ್ಗುತ್ತದೆ! ಬರಲಿರುವ ಸ್ಪರ್ಶವನ್ನು ಮಿದುಳು ಮುಂಚಿತವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಎನ್ನಬೇಕು. ಇದರ ಪೂರ್ಣ ವಿವರಣೆ ಇನ್ನೂ ಆಗಬೇಕಿದೆ.

ಇಂದು ಮುಖ್ಯ ಚಿಕಿತ್ಸೆ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು. ಅದರ ಪರಿಣಾಮ ಸುಮಾರು ಮೂರು ತಿಂಗಳು. ಆದರೆ ರೋಗ ಪತ್ತೆಯ ವೇಳೆ ವೈದ್ಯರು ಈಗಲೂ, “ಎಲ್ಲಾದರೂ ಮುಟ್ಟಿಕೊಂಡರೆ ಕಡಿಮೆಯಾಗುತ್ತದೆಯೇ?” ಎಂದು ಕೇಳುತ್ತಾರೆ. ಹೌದೆಂದರೆ, ಅದು ನಿಜವಾದ ಡಿಸ್ಟೋನಿಯ ಎಂಬುದಕ್ಕೆ ಒಂದು ಸುಳಿವು. ಬ್ರಿಸೋ ಕಾಲದಲ್ಲಿ ರೋಗ ಮನಸ್ಸಿನದು ಎನ್ನಲು ಕೊಟ್ಟ ಸಾಕ್ಷಿಯೂ ಇದೇ ಆಗಿತ್ತು.