ಮೊಬೈಲ್ ಫೋನಿನಲ್ಲಿ 'ಗೂಢಚಾರ ಚಿಪ್': ತಪ್ಪು ಕಲ್ಪನೆಗಳು ಮತ್ತು ವಾಸ್ತವಾಂಶಗಳು

ಸರ್ಕಾರಿ ಸೇವೆಗಳಿಗೆ ಅರ್ಜಿ ಸಲ್ಲಿಸುವಾಗ ಒಟಿಪಿ ಪಡೆಯಲು, ಮುಖ ದೃಢೀಕರಣಕ್ಕೆ ಹಾಗೂ ಅರ್ಜಿಯ ಸ್ಥಿತಿಗತಿ ತಿಳಿಯಲು ಮೊಬೈಲ್ ಫೋನ್ ಅಗತ್ಯವಾಗಿರುತ್ತದೆ. ಫೋನಿನ ಯಂತ್ರಾಂಶದಲ್ಲಿಯೇ ಬೇಹುಗಾರಿಕೆಯ ಸಾಧನ ಅಡಗಿದೆ ಎಂಬ ಸಂದೇಶಗಳು ಆಗಾಗ್ಗೆ ಹರಿದಾಡುತ್ತಿದ್ದು, ಇವುಗಳನ್ನು ನಂಬಿ ಫೋನನ್ನು ಕೆಡಿಸಿಕೊಳ್ಳುವ ಅಥವಾ ಸೇವೆಯಿಂದಲೇ ದೂರ ಉಳಿಯುವ ಸಂಭವವಿರುವುದರಿಂದ, ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಬ್ಯಾಟರಿಯ ಮೇಲಿನ ಪದರ

ಇಂತಹ ವದಂತಿಗಳಲ್ಲಿ ಬಹು ಪ್ರಚಾರ ಪಡೆದದ್ದು ಸ್ಯಾಮ್‌ಸಂಗ್ ಫೋನಿನ ಬ್ಯಾಟರಿಗೆ ಸಂಬಂಧಿಸಿದ್ದು. 2012ರ ಗ್ಯಾಲಕ್ಸಿ ಎಸ್3 ಮೊದಲಾದ ಫೋನುಗಳ ಬ್ಯಾಟರಿಯ ಹೊದಿಕೆಯನ್ನು ಸುಲಿದರೆ ಒಳಗೆ ತಾಮ್ರದ ಸುರುಳಿಯುಳ್ಳ ತೆಳುವಾದ ಪದರವೊಂದು ಕಾಣಸಿಗುತ್ತದೆ. ಇದು ಬಳಕೆದಾರರ ಛಾಯಾಚಿತ್ರಗಳನ್ನು ಕದ್ದು ರವಾನಿಸುವ ಚಿಪ್, ಕೂಡಲೇ ಕಿತ್ತೆಸೆಯಿರಿ ಎಂದು ವಿಡಿಯೋಗಳು ಹಲವು ದೇಶಗಳಲ್ಲಿ ಹರಡಿದವು. ವಾಸ್ತವದಲ್ಲಿ ಅದು ಎನ್‌ಎಫ್‌ಸಿ ಆಂಟೆನಾ. 13.56 ಮೆಗಾಹರ್ಟ್ಸ್ ಆವರ್ತನದಲ್ಲಿ, ಕೆಲವೇ ಸೆಂಟಿಮೀಟರುಗಳ ಅಂತರದಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ. ಮೆಟ್ರೋ ನಿಲ್ದಾಣದ ದ್ವಾರಕ್ಕೆ ಕಾರ್ಡನ್ನು ತೀರಾ ಹತ್ತಿರ ಹಿಡಿಯಬೇಕಾಗಿರುವುದೂ ಇದೇ ಬಗೆಯ ಸಂಪರ್ಕದ ಕಾರಣದಿಂದ. ಆ ಸುರುಳಿಯಲ್ಲಿ ಚಿತ್ರಗಳನ್ನು ಸಂಗ್ರಹಿಸುವ ಸ್ಮರಣಕೋಶವೂ ಇಲ್ಲ, ಕ್ಯಾಮೆರಾವೂ ಇಲ್ಲ. ಅದನ್ನು ಕಿತ್ತವರು ಕಳೆದುಕೊಂಡದ್ದು ಫೋನ್ ತಾಗಿಸಿ ಹಣ ಪಾವತಿಸುವ ಸೌಲಭ್ಯವನ್ನು. ಅಲ್ಲದೆ ಲಿಥಿಯಂ ಬ್ಯಾಟರಿಯ ಹೊದಿಕೆಯನ್ನು ಹರಿತವಾದ ವಸ್ತುವಿನಿಂದ ಎಬ್ಬಿಸುವುದು ಬೆಂಕಿಯ ಅಪಾಯಕ್ಕೆ ಎಡೆ ಮಾಡಿಕೊಡುತ್ತದೆ.

ರಂಧ್ರಗಳು ಮತ್ತು ಮಿನುಗುವ ಬೆಳಕು

ಫೋನಿನ ಮೇಲ್ಭಾಗದ ಸಣ್ಣ ರಂಧ್ರವು ಸಾಮಾನ್ಯವಾಗಿ ಎರಡನೆಯ ಮೈಕ್ ಆಗಿದ್ದು, ಕರೆಯ ಸಮಯದಲ್ಲಿ ಸುತ್ತಲಿನ ಗದ್ದಲವನ್ನು ತಗ್ಗಿಸುತ್ತದೆ. ಅದಕ್ಕೆ ಸೂಜಿ ಚುಚ್ಚಬಾರದು. ಕಿವಿಯ ಬಳಿ ಬರುವ ಭಾಗದಲ್ಲಿ ಮತ್ತೊಂದು ಕ್ಯಾಮೆರಾದ ಮೂಲಕ ನೋಡಿದಾಗ ಮಾತ್ರ ಕಾಣುವ ನೇರಳೆ ಮಿನುಗು, ಫೋನ್ ಕಿವಿಗೆ ಹತ್ತಿರವಾದಾಗ ಪರದೆಯನ್ನು ಆರಿಸುವ ಅವಕೆಂಪು ಸಂವೇದಕದ್ದು.

2018ರ ಸಹಾಯವಾಣಿ ಸಂಖ್ಯೆ

2018ರ ಆಗಸ್ಟ್‌ನಲ್ಲಿ ದೇಶದ ಅನೇಕರ ಫೋನುಗಳ ಸಂಪರ್ಕ ಪಟ್ಟಿಯಲ್ಲಿ, ಅವರು ಸೇರಿಸದೇ ಇದ್ದರೂ, ಆಧಾರ್ ಪ್ರಾಧಿಕಾರದ ಹೆಸರಿನಲ್ಲಿ ಹಳೆಯ ಸಹಾಯವಾಣಿ ಸಂಖ್ಯೆಯೊಂದು ಕಂಡುಬಂದಿತು. ಫೋನುಗಳೊಳಗೆ ಆಧಾರ್ ನುಸುಳಿದೆ ಎಂಬ ಆತಂಕ ಒಂದೇ ದಿನದಲ್ಲಿ ಹಬ್ಬಿತು. ಅಂತಹ ಸೂಚನೆಯನ್ನು ಯಾವ ಕಂಪನಿಗೂ ನೀಡಿಲ್ಲವೆಂದು ಪ್ರಾಧಿಕಾರವು ಸ್ಪಷ್ಟಪಡಿಸಿತು. ಭಾರತದ ಫೋನ್ ತಯಾರಕರಿಗೆ 2014ರಲ್ಲಿ ನೀಡಿದ್ದ ಆಂಡ್ರಾಯ್ಡ್ ತಂತ್ರಾಂಶದಲ್ಲಿ ಸದರಿ ಸಂಖ್ಯೆಯು 112 ಸಂಖ್ಯೆಯೊಂದಿಗೆ ಅಚಾತುರ್ಯದಿಂದ ಸೇರಿತ್ತೆಂದು ಗೂಗಲ್ ಒಪ್ಪಿಕೊಂಡಿತು. ಹೊಸ ಫೋನ್ ಕೊಂಡವರಿಗೂ ಅದು ಹಳೆಯ ಖಾತೆಯ ಸಂಪರ್ಕ ಪಟ್ಟಿಯೊಂದಿಗೆ ಬಂದಿತ್ತು. ಯಾರ ಮಾಹಿತಿಯೂ ಇದರಿಂದ ಸೋರಿಕೆಯಾಗಲಿಲ್ಲ. ಆದರೆ ಕೇಳದೆಯೇ ಸೇರಿಸಿದ್ದರ ಬಗ್ಗೆ ಜನರು ಪ್ರಶ್ನಿಸಿದ್ದು ನ್ಯಾಯವೇ ಆಗಿತ್ತು. ಆಧಾರ್ ಸಹಾಯವಾಣಿಯ ಸಂಖ್ಯೆ 1947.

ಮಾತನ್ನು ಕದ್ದು ಕೇಳುವ ಬಗ್ಗೆ

ಮನೆಯಲ್ಲಿ ಆಡಿದ ಮಾತಿಗೆ ತಕ್ಕ ಜಾಹೀರಾತು ಫೋನಿನಲ್ಲಿ ಬರುತ್ತದೆ ಎಂಬುದು ಹಲವರ ಅನುಭವ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾನಿಲಯದ ಸಂಶೋಧಕರು 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಅಪ್ಲಿಕೇಷನ್‌ಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಟ್ಟಾಗಿ ಧ್ವನಿಯನ್ನು ದಾಖಲಿಸಿ ಕಳುಹಿಸಿದ ನಿದರ್ಶನ ದೊರೆಯಲಿಲ್ಲ. ಬದಲಿಗೆ ಕೆಲವು ಅಪ್ಲಿಕೇಷನ್‌ಗಳು ಪರದೆಯ ಮೇಲಿನ ಚಟುವಟಿಕೆಯನ್ನೇ ಚಿತ್ರೀಕರಿಸಿ ಅನ್ಯರಿಗೆ ರವಾನಿಸುತ್ತಿದ್ದುದು ಕಂಡುಬಂದಿತು. ಜಾಹೀರಾತುಗಳಿಗೆ ಹುಡುಕಾಟ, ಸ್ಥಳ ಮತ್ತು ಖರೀದಿಯ ಮಾಹಿತಿಯೇ ಬಹುಮಟ್ಟಿಗೆ ಸಾಕಾಗುತ್ತದೆ. ಧ್ವನಿ ಸಹಾಯಕಗಳ ವಿಷಯ ಬೇರೆ. ಅವು ತಪ್ಪಾಗಿ ಎಚ್ಚೆತ್ತು ದಾಖಲಿಸಿದ ತುಣುಕುಗಳನ್ನು ಗುತ್ತಿಗೆ ಸಿಬ್ಬಂದಿಯು ಕೇಳುತ್ತಿದ್ದುದು 2019ರಲ್ಲಿ ಬಹಿರಂಗವಾಯಿತು. ಬೇಡವೆನ್ನುವವರು ಸೆಟ್ಟಿಂಗ್ಸ್‌ನಲ್ಲಿ ಈ ಸೌಲಭ್ಯವನ್ನು ನಿಲ್ಲಿಸಬಹುದು. ಆಂಡ್ರಾಯ್ಡ್ 12 ಹಾಗೂ ಐಒಎಸ್ 14 ಮತ್ತು ನಂತರದ ಆವೃತ್ತಿಗಳಲ್ಲಿ ಮೈಕ್ ಅಥವಾ ಕ್ಯಾಮೆರಾ ಬಳಕೆಯಾಗುತ್ತಿದ್ದಲ್ಲಿ ಪರದೆಯ ಮೇಲಂಚಿನಲ್ಲಿ ಸಣ್ಣ ಬಣ್ಣದ ಗುರುತು ಕಾಣಿಸುತ್ತದೆ.

ಬೆರಳಚ್ಚು

ಫೋನ್ ತೆರೆಯಲು ನೀಡುವ ಬೆರಳಚ್ಚಿನ ವಿವರವು ಫೋನಿನೊಳಗಿನ ಸುರಕ್ಷಿತ ಭಾಗದಲ್ಲಿಯೇ ಉಳಿಯುತ್ತದೆ. ಅಪ್ಲಿಕೇಷನ್‌ಗಳಿಗೆ ತಿಳಿಯುವುದು 'ಹೊಂದಿಕೆಯಾಗಿದೆ' ಅಥವಾ 'ಆಗಿಲ್ಲ' ಎಂಬ ಉತ್ತರ ಮಾತ್ರ. ಸೇವಾ ಕೇಂದ್ರಗಳಲ್ಲಿ ಆಧಾರ್ ದೃಢೀಕರಣಕ್ಕೆ ಬೆರಳಚ್ಚು ಪಡೆಯುವುದು ಪ್ರತ್ಯೇಕ ನೋಂದಾಯಿತ ಸಾಧನದ ಮೂಲಕ. ಪಿಂಚಣಿದಾರರು ಜೀವನ್ ಪ್ರಮಾಣ್ ಪತ್ರವನ್ನು ಮುಖ ದೃಢೀಕರಣದ ಮೂಲಕ ಮನೆಯಿಂದಲೇ ಸಲ್ಲಿಸುವ ವ್ಯವಸ್ಥೆ 2021ರಿಂದ ಇದೆ. ಚಿಪ್ ವದಂತಿಗೆ ಅಂಜಿ ಇದನ್ನು ಕೈಬಿಟ್ಟು, ಬೇರೆ ರೀತಿಯಲ್ಲಿಯೂ ಪತ್ರ ಸಲ್ಲಿಸದೆ ಉಳಿದಲ್ಲಿ ಪಿಂಚಣಿ ಸ್ಥಗಿತಗೊಳ್ಳುವ ಸಾಧ್ಯತೆ ಇರುತ್ತದೆ.

ಅಪಾಯವಿರುವುದು ಎಲ್ಲಿ

ಫೋನಿನ ಮೂಲಕ ಬೇಹುಗಾರಿಕೆ ನಡೆಯುವುದೇ ಇಲ್ಲವೆಂದು ಇದರ ಅರ್ಥವಲ್ಲ. 2021ರಲ್ಲಿ ವ್ಯಾಪಕವಾಗಿ ಚರ್ಚೆಗೊಳಗಾದ ಪೆಗಾಸಸ್ ಒಂದು ತಂತ್ರಾಂಶ. ಫೋನಿನ ತಂತ್ರಾಂಶದ ಲೋಪಗಳೇ ಅದಕ್ಕೆ ದಾರಿ. ಸಾಮಾನ್ಯ ಅರ್ಜಿದಾರರಿಗೆ ಹೆಚ್ಚು ಹತ್ತಿರದ ಅಪಾಯವೆಂದರೆ ಸಂಚಾರ ದಂಡದ ಚಲನ್, ಮದುವೆಯ ಆಮಂತ್ರಣ ಅಥವಾ ಸರ್ಕಾರಿ ಯೋಜನೆಯ ಹೆಸರಿನಲ್ಲಿ ವಾಟ್ಸಾಪ್ ಮೂಲಕ ಬರುವ ಎಪಿಕೆ ಕಡತ. ಇದನ್ನು ಸ್ಥಾಪಿಸಿ ಎಸ್‌ಎಂಎಸ್ ಓದಲು ಅನುಮತಿ ನೀಡಿದಲ್ಲಿ ಬ್ಯಾಂಕಿನ ಒಟಿಪಿ ವಂಚಕರ ಕೈಸೇರುತ್ತದೆ. ಬ್ಯಾಟರಿಯ ಪದರ ಸುಲಿದವರಿಗೂ ಇದರಿಂದ ರಕ್ಷಣೆ ಇಲ್ಲ. ಅಪ್ಲಿಕೇಷನ್‌ಗಳನ್ನು ಅಧಿಕೃತ ಸ್ಟೋರ್‌ನಿಂದ ಮಾತ್ರ ಪಡೆಯತಕ್ಕದ್ದು ಮತ್ತು ಸೆಟ್ಟಿಂಗ್ಸ್‌ನಲ್ಲಿ ಯಾವ ಅಪ್ಲಿಕೇಷನ್‌ಗೆ ಯಾವ ಅನುಮತಿ ಇದೆಯೆಂದು ಪರಿಶೀಲಿಸತಕ್ಕದ್ದು.

ಹಣ ಕಳೆದುಕೊಂಡವರು ವಿಳಂಬ ಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಕಳೆದುಹೋದ ಅಥವಾ ಕಳುವಾದ ಫೋನನ್ನು ಸಂಚಾರ್ ಸಾಥಿ ಪೋರ್ಟಲ್ ಮೂಲಕ ನಿರ್ಬಂಧಿಸಲು ಅವಕಾಶವಿದೆ.