ಟ್ಯಾಕಿನಿಡ್ ನೊಣಗಳು: ಗುರುತಿಸುವಿಕೆಯ ಇತಿಹಾಸ

ಬೇರೆ ಕೀಟಗಳ, ಅದರಲ್ಲೂ ಕಂಬಳಿಹುಳುಗಳ, ಒಡಲಲ್ಲಿ ಬೆಳೆದು ಕೊನೆಗೆ ಅವನ್ನೇ ಕೊಲ್ಲುವ ನೊಣಗಳ ಕುಟುಂಬ ಟ್ಯಾಕಿನಿಡೆ. ಇದುವರೆಗೆ ಹೆಸರು ಪಡೆದ ಪ್ರಭೇದಗಳೇ 8,000ಕ್ಕೂ ಹೆಚ್ಚು. ಬೂದು ಮೈ, ಎದೆಯ ಮೇಲೆ ಕಪ್ಪು ಪಟ್ಟೆ, ಹೊಟ್ಟೆಯ ಮೇಲೆ ಒರಟು ಬಿರುಗೂದಲು: ನೂರಾರು ಪ್ರಭೇದಗಳದ್ದು ಇದೇ ರೂಪ.

ಎಕ್ಸೋರಿಸ್ಟಾ ಕುಲವನ್ನು 1803ರಲ್ಲಿ ಸ್ಥಾಪಿಸಿದ ಜರ್ಮನಿಯ ಯೋಹಾನ್ ಮೈಗನ್ ನೊಣಗಳ ಚಿತ್ರಗಳನ್ನು ಕೈಯಾರೆ ಬರೆದಿಟ್ಟ. ಫ್ರಾನ್ಸಿನ ರೋಬಿನೋ-ದೆವ್ವಾದಿ ಸಣ್ಣಪುಟ್ಟ ವ್ಯತ್ಯಾಸಕ್ಕೂ ಹೊಸ ಹೆಸರಿಟ್ಟ. ಒಂದೇ ಪ್ರಭೇದಕ್ಕೆ ಹಲವು ಹೆಸರು ಅಂಟಿಕೊಂಡ ಆ ಸಿಕ್ಕನ್ನು ಬಿಡಿಸುವ ಕೆಲಸ ಇಪ್ಪತ್ತನೇ ಶತಮಾನದಲ್ಲೂ ಮುಗಿಯಲಿಲ್ಲ. 1884ರಲ್ಲಿ ಕೀಟತಜ್ಞ ಓಸ್ಟೆನ್ ಸಾಕೆನ್ ಬಿರುಗೂದಲುಗಳ ಸ್ಥಾನಗಳಿಗೆ ಕ್ರಮಬದ್ಧ ಹೆಸರು ಕೊಟ್ಟದ್ದು ನಿಜವಾದ ತಿರುವು. ಬಣ್ಣ ಮಾಸುತ್ತದೆ, ಗಾತ್ರ ಮರಿಹುಳುವಿಗೆ ಸಿಕ್ಕ ಆಹಾರದಂತೆ ಹೆಚ್ಚುಕಡಿಮೆಯಾಗುತ್ತದೆ. ಕೂದಲು ಮುರಿದರೂ ಅದರ ಬುಡದ ಗುಳಿ ಮಾತ್ರ ಉಳಿಯುತ್ತದೆ.

ಕರ್ನಾಟಕಕ್ಕೆ ಈ ಕುಟುಂಬದ ಬಿಸಿ ತಟ್ಟಿದ್ದು 1980ರಲ್ಲಿ. ಪಶ್ಚಿಮ ಬಂಗಾಳದಿಂದ ತಂದ ರೇಷ್ಮೆ ಗೂಡುಗಳ ಜೊತೆ, ರೇಷ್ಮೆಹುಳುವಿನ ಒಡಲಲ್ಲಿ ಬೆಳೆಯುವ ಊಜಿ ನೊಣ ಇಲ್ಲಿಗೆ ಬಂದು, ಕೆಲವೇ ವರ್ಷಗಳಲ್ಲಿ ಹುಳುಮನೆಗಳನ್ನು ಹೊಕ್ಕಿತು. ಇಂದು ಅದನ್ನು ಎಕ್ಸೋರಿಸ್ಟಾ ಬಾಂಬೈಸಿಸ್ ಎನ್ನುತ್ತಾರೆ; ಆದರೆ ಸೋದರ ಪ್ರಭೇದ ಎಕ್ಸೋರಿಸ್ಟಾ ಸಾರ್ಬಿಲ್ಲನ್ಸ್‌ನ ಹೆಸರೂ ಭಾರತೀಯ ಬರಹಗಳಲ್ಲಿ ಇದಕ್ಕೆ ಬಹುಕಾಲ ಸಲ್ಲುತ್ತಿತ್ತು. ಜಪಾನಿನ ಊಜಿಯೋ ಬ್ಲೆಫಾರಿಪಾ ಎಂಬ ಬೇರೆಯೇ ಕುಲದ್ದು. ಅದು ಹಿಪ್ಪುನೇರಳೆ ಎಲೆಯ ಮೇಲೆ ಅತಿ ಸಣ್ಣ ಮೊಟ್ಟೆಯಿಡುತ್ತದೆ, ಎಲೆಯೊಂದಿಗೆ ಹುಳು ಅದನ್ನೂ ನುಂಗುತ್ತದೆ. ನಮ್ಮ ಊಜಿ ಮೊಟ್ಟೆಯಿಡುವುದು ಹುಳುವಿನ ಚರ್ಮದ ಮೇಲೆಯೇ: ಬರಿಗಣ್ಣಿಗೆ ಕಾಣುವ ಬಿಳಿ ಮೊಟ್ಟೆ, ಮರಿ ಕೊರೆದು ಒಳಹೊಕ್ಕ ಕಡೆ ಕಪ್ಪು ಕಲೆ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುಗಳ ತಟ್ಟೆಯನ್ನು ನೋಡಿದ ಬೆಳೆಗಾರನಿಗೆ ಈ ಕಲೆಯೇ ಸಾಕು, ನೊಣ ಕಣ್ಣಿಗೆ ಬೀಳಬೇಕಿಲ್ಲ.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಜೀವಂತ ನೊಣದ ಛಾಯಾಚಿತ್ರಗಳು ರಾಶಿ ಬಿದ್ದವು. ಮೇಲಿನಿಂದ ತೆಗೆದ ಸುಂದರ ಚಿತ್ರಕ್ಕಿಂತ ಪಕ್ಕದಿಂದ ತೆಗೆದ ಸಾಧಾರಣ ಚಿತ್ರವೇ ಇಲ್ಲಿ ಹೆಚ್ಚು ಬೆಲೆಯದು. ಎದೆಯ ಹಿಂಬದಿಯಲ್ಲಿ ಸ್ಕುಟೆಲಂ ಎಂಬ ಫಲಕದ ಕೆಳಗೆ ಉಬ್ಬು ಕಂಡರೆ ಅದು ಟ್ಯಾಕಿನಿಡ್. ಮನೆನೊಣಕ್ಕೆ, ಮಾಂಸದ ನೊಣಕ್ಕೆ ಆ ಉಬ್ಬಿಲ್ಲ. ರೆಕ್ಕೆಯ ನಾಳದ ಬಾಗು, ಕಣ್ಣಿನ ಮೇಲೆ ರೋಮ ಇದೆಯೇ ಇಲ್ಲವೇ, ಮುಖದ ಅಂಚಿನ ಕೂದಲ ಸಾಲು, ಇವು ಅನೇಕ ವೇಳೆ ಕುಲದವರೆಗೆ ಒಯ್ಯುತ್ತವೆ. ಅಲ್ಲಿಂದ ಮುಂದೆ ಎಕ್ಸೋರಿಸ್ಟಾದಂಥ ಕುಲದಲ್ಲಿ ಗಂಡಿನ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಅಂಥ ಚಿತ್ರಕ್ಕೆ ಕುಲದ ಹೆಸರಷ್ಟೇ ಬರೆದು ನಿಲ್ಲಿಸುವುದು ಪ್ರಾಮಾಣಿಕ ಕೆಲಸ.

ಪರಿಣತರ ಕಣ್ಣಿಗೂ ಮಿತಿಯಿದೆ ಎಂಬುದು 2006ರಲ್ಲಿ ಸ್ಪಷ್ಟವಾಯಿತು. ಕೋಸ್ಟರಿಕದ ಗ್ವಾನಾಕಾಸ್ಟೆ ಕಾಡಿನಲ್ಲಿ ಕಂಬಳಿಹುಳುಗಳನ್ನು ಸಾಕಿ ಪಡೆದ ಬೆಲ್ವೋಸಿಯಾ ನೊಣಗಳನ್ನು ರೂಪ ನೋಡಿ 20 ಪ್ರಭೇದಗಳೆಂದು ಎಣಿಸಲಾಗಿತ್ತು. ಡಿಎನ್‌ಎ ಬಾರ್‌ಕೋಡ್ ಆ ಎಣಿಕೆಯನ್ನು 32ಕ್ಕೆ ಏರಿಸಿತು. ಹಲವು ಬಗೆಯ ಹುಳುಗಳನ್ನು ಹಿಡಿಯುತ್ತವೆಂದು ನಂಬಿದ್ದ ಮೂರು ‘ಪ್ರಭೇದ’ಗಳು, ತಮ್ಮದೇ ಆಯ್ದ ಹುಳುಗಳಿಗೆ ಅಂಟಿಕೊಂಡ ಅವಳಿರೂಪಿಗಳ ಗುಂಪುಗಳಾಗಿದ್ದವು. ಯಾವ ನೊಣ ಯಾವ ಹುಳುವಿನಿಂದ, ಆ ಹುಳು ಯಾವ ಗಿಡದಿಂದ ಬಂತು ಎಂಬ ದಾಖಲೆ ಅಲ್ಲಿ ಇದ್ದುದರಿಂದಲೇ ಇದು ಅರ್ಥವಾದದ್ದು.