ದಂತವಲ್ಲದ ದಂತದ ಹಿಡಿ

ಹಿರಿಯರ ಪೆಟ್ಟಿಗೆಯನ್ನು ತೆರೆದಾಗ ಶೆಫೀಲ್ಡಿನದೋ ಜೋಲಿಂಗನ್ನಿನದೋ ಮುದ್ರೆಯುಳ್ಳ ಮಡಿಸುವ ಕ್ಷೌರದ ಕತ್ತಿಯೊಂದು ನಮ್ಮಲ್ಲಿ ಕೆಲವರ ಕೈಗೆ ಸಿಕ್ಕಿರಬಹುದು. ಹಳದಿಗೂಡಿದ ಬಿಳಿಯ ಹಿಡಿ, ಅದರುದ್ದಕ್ಕೂ ನವುರಾದ ಗೆರೆಗಳು. ಮನೆಮಂದಿಯೆಲ್ಲ ಅದನ್ನು ಆನೆಯ ದಂತವೆಂದೇ ನಂಬಿರುತ್ತಾರೆ. ಬೆರಳಿನಿಂದ ತುಸು ಉಜ್ಜಿ ಮೂಸಿದಾಗ ಕರ್ಪೂರದ ವಾಸನೆ ಬಂದರೆ ಅದು ದಂತವಲ್ಲ, ಸೆಲ್ಯುಲಾಯಿಡ್.

ಬಿಲಿಯರ್ಡ್ಸ್ ಚೆಂಡುಗಳಿಗೆ ಬೇಕಾದ ದಂತ ದುಬಾರಿಯಾದಾಗ, ಅದಕ್ಕೆ ಬದಲಿ ವಸ್ತುವನ್ನು ಒದಗಿಸಿದವರಿಗೆ ಹತ್ತು ಸಾವಿರ ಡಾಲರ್ ಕೊಡುವುದಾಗಿ ಅಮೆರಿಕದ ವ್ಯಾಪಾರಸ್ಥರು ಸಾರಿದ್ದರು. ಆ ಆಸೆಯಿಂದ ಪ್ರಯೋಗಕ್ಕಿಳಿದವರಲ್ಲಿ ಆಲ್ಬನಿ ನಗರದ ಮುದ್ರಣಕಾರ ಜಾನ್ ವೆಸ್ಲಿ ಹಯಾಟ್ ಒಬ್ಬರು. ಇಂಗ್ಲೆಂಡಿನ ಅಲೆಕ್ಸಾಂಡರ್ ಪಾರ್ಕ್ಸ್ 1862ರಲ್ಲೇ ಇಂಥದೊಂದು ವಸ್ತುವನ್ನು ಲಂಡನ್ನಿನ ಪ್ರದರ್ಶನದಲ್ಲಿರಿಸಿದ್ದರೂ, ಅದನ್ನು ಬಾಳಿಕೆಯ ಸರಕಾಗಿಸಿದ ಕೀರ್ತಿ 1870ರಲ್ಲಿ ಸೋದರನೊಡನೆ ಪೇಟೆಂಟ್ ಪಡೆದ ಹಯಾಟರದು. ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದ ಹತ್ತಿಗೆ ಕರ್ಪೂರ ಬೆರೆಸಿ, ಕಾಯಿಸಿ ಒತ್ತುವುದೇ ಅವರ ವಿಧಾನ. ಮಂಗಳಾರತಿಯ ತಟ್ಟೆಯಲ್ಲಷ್ಟೇ ಕರ್ಪೂರವನ್ನು ಕಂಡ ನಮಗೆ ಇದು ಸೋಜಿಗವೇ ಸರಿ.

ಕರ್ಪೂರ ಆರತಿಯಲ್ಲಿ ಉರಿದು ಹೋಗುತ್ತದೆ. ಹಿಡಿಯೊಳಗಿಂದ ಸದ್ದಿಲ್ಲದೆ ಆವಿಯಾಗಿ ಹೋಗುತ್ತದೆ. ಅದು ಹೋದಂತೆ ಹಿಡಿ ಕುಗ್ಗುತ್ತದೆ, ಸೊಟ್ಟಗಾಗುತ್ತದೆ, ಸೀಳುತ್ತದೆ. ಇದಕ್ಕಿಂತ ಘೋರವಾದುದು ಇನ್ನೊಂದಿದೆ. ಹತ್ತಿಯೊಡನೆ ಬೆಸೆದ ನೈಟ್ರೇಟ್ ಕಾಲಾಂತರದಲ್ಲಿ ಬಿಡಿಸಿಕೊಂಡು, ಗಾಳಿಯ ತೇವ ಸೇರಿ, ಮರಳಿ ಆಮ್ಲವೇ ಆಗುತ್ತದೆ. ಆ ಆಮ್ಲ ಉಳಿದ ಭಾಗದ ಕ್ಷಯವನ್ನೂ ತ್ವರೆಗೊಳಿಸುತ್ತದೆ. ಹಿಡಿ ಬೆವರುತ್ತದೆ, ಮೂಗು ಸುಡುವ ನಾತ ಏಳುತ್ತದೆ. ಹಿಡಿಯೊಳಗೆ ಮಡಿಸಿಟ್ಟ ಅಲಗು ತುಕ್ಕು ಹಿಡಿಯುತ್ತದೆ. ಪಕ್ಕದಲ್ಲಿಟ್ಟ ಒಳ್ಳೆಯ ಕತ್ತಿಗೂ ಉಳಿಗಾಲವಿಲ್ಲ. ಆಮೆಚಿಪ್ಪಿನಂತೆ ಪಾರಕವಾಗಿ ಹೊಳೆಯುವ ಹಿಡಿಗಳು ಸಾಮಾನ್ಯವಾಗಿ ಮೊದಲು ಕೆಡುತ್ತವೆ. ದಂತದ ಬಿಳುಪು ಬರಲೆಂದು ಬೆರೆಸಿದ ಸತುವಿನ ಆಕ್ಸೈಡ್ ಆಮ್ಲವನ್ನು ಹೀರಿಕೊಳ್ಳುವುದರಿಂದ ಬಿಳಿಯ ಹಿಡಿಗಳ ಆಯುಷ್ಯ ಹೆಚ್ಚು. ಬಣ್ಣಕ್ಕೆಂದು ಹಾಕಿದ್ದು ಹೀಗೆ ಮದ್ದಾಯಿತು!

ಆರಂಭಕಾಲದ ಚಲನಚಿತ್ರದ ಸುರುಳಿಗಳೂ ಇದೇ ಕುಲದವು. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ತಯಾರಾದುದು ಗಡಿಯಾಚೆಯ ಕೊಲ್ಲಾಪುರದಲ್ಲಿ. ತೆರೆ ಕಂಡದ್ದು 1934ರಲ್ಲಿ. ಇಂದು ಅದರ ಒಂದು ಪ್ರತಿಯೂ ಲಭ್ಯವಿಲ್ಲ.

ಕೆಟ್ಟ ಹಿಡಿಯನ್ನು ಸರಿಪಡಿಸುವ ಮದ್ದಿಲ್ಲ, ನಿಧಾನಗೊಳಿಸಬಹುದಷ್ಟೆ. ಚರ್ಮದ ಚೀಲದಿಂದಲೂ ಬಿಗಿಯಾದ ಡಬ್ಬಿಯಿಂದಲೂ ಕತ್ತಿಯನ್ನು ಹೊರತೆಗೆದು, ತಂಪಾದ, ಒಣಗಿದ, ಗಾಳಿಯಾಡುವ ಎಡೆಯಲ್ಲಿ ಉಳಿದವುಗಳಿಂದ ದೂರವಿಡಬೇಕು. ಬೆಂಕಿಯಿಂದಂತೂ ಬಹುದೂರ, ಕಿಡಿ ತಾಗಿದರೆ ಸೆಲ್ಯುಲಾಯಿಡ್ ಭಗ್ಗನೆ ಉರಿಯುತ್ತದೆ, ಕರ್ಪೂರದಂತೆಯೇ.